ಆಕಾಶಯಾನವೂ ಬುತ್ತಿಯ ಗಂಟೂ

ಪರಸ್ಥಳಕ್ಕೆ ಹೊರಡುವವನ ಕೈ ಬರಿದಾಗಿರಬಾರದೆಂಬುದು ನಮ್ಮ ಹಿರಿಯರ ಮತವಾಗಿತ್ತು. ಹೋಗುವಾಗ ಬುತ್ತಿ, ಬರುವಾಗ ಪ್ರಸಾದ. ಇವೆರಡೂ ಇಲ್ಲದ ಪ್ರಯಾಣವನ್ನು ಅವರು ಪ್ರಯಾಣವೆಂದೇ ಎಣಿಸುತ್ತಿರಲಿಲ್ಲ. ಸಂಸ್ಕೃತದಲ್ಲಿ ದಾರಿಯ ಬುತ್ತಿಗೆ ಪಾಥೇಯವೆಂದು ಹೆಸರು. ಕಾಳಿದಾಸನು ಮೇಘದೂತದಲ್ಲಿ ಮನುಷ್ಯರಿಗೆ ಮಾತ್ರವಲ್ಲ, ಹಂಸಗಳಿಗೂ ಪಾಥೇಯವನ್ನು ಕಟ್ಟಿಕೊಟ್ಟಿದ್ದಾನೆ. ಮಳೆಗಾಲದ ಮೊದಲಲ್ಲಿ ಮಾನಸಸರೋವರಕ್ಕೆ ಹೊರಟ ರಾಜಹಂಸಗಳು ತಾವರೆಯ ಎಳೆಯ ದಂಟಿನ ಚೂರುಗಳನ್ನು ಕೊಕ್ಕಿನಲ್ಲಿ ಹಿಡಿದು ಕೈಲಾಸದವರೆಗೂ ಮೇಘದ ಜೊತೆಗೆ ಹಾರುತ್ತವೆಯಂತೆ. ಆಕಾಶಮಾರ್ಗದಲ್ಲಿ ಹೋಗುವವರಿಗೂ ಬುತ್ತಿ ಬೇಕೆಂಬುದಕ್ಕೆ ಇದಕ್ಕಿಂತ ಮಿಗಿಲಾದ ಪ್ರಮಾಣವು ಬೇಡ. ಆದರೆ ಆ ಹಂಸಗಳ ಪಾಥೇಯವನ್ನು ಯಾರೂ ತಕ್ಕಡಿಯಲ್ಲಿಟ್ಟು ತೂಗಲಿಲ್ಲ. ನಮ್ಮದನ್ನು ತೂಗಿದರು. ಆ ವೃತ್ತಾಂತವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಅದರಲ್ಲಿ ನಮ್ಮ ತಪ್ಪೂ ಒಂದು ಇರುವುದರಿಂದ, ಬರೆಯಲು ಸ್ವಲ್ಪ ಸಂಕೋಚವಾಗುತ್ತಿರುವುದೂ ನಿಜ.

ನಮ್ಮ ಹಿರಿಯ ಮಗಳು ದೆಹಲಿಯಲ್ಲಿದ್ದಾಳೆ. ಹೋದ ವರ್ಷದ ವೈಶಾಖದಲ್ಲಿ ಅವಳಿಗೆ ಎರಡನೆಯ ಹೆರಿಗೆಯಾಯಿತು. ತವರಿಗೆ ಬರಲು ವೈದ್ಯರು ಒಪ್ಪಲಿಲ್ಲವಾದುದರಿಂದ ತವರೇ ಅವಳ ಬಳಿಗೆ ಹೋಗಬೇಕಾಯಿತು. ಜ್ಯೇಷ್ಠಮಾಸದ ಬಿಸಿಲಿನಲ್ಲಿ ಎರಡು ರಾತ್ರಿ ರೈಲಿನಲ್ಲಿ ಕುಳಿತು ಬರುವುದು ಬೇಡವೆಂದು ಅಳಿಯಂದಿರು ವಿಮಾನದ ಟಿಕೀಟುಗಳನ್ನು ತಾವೇ ಕೊಂಡು ಕಳುಹಿಸಿದರು. ಅಗ್ಗದ ದರದ ಟಿಕೀಟುಗಳವು. ಅದರ ಜೊತೆಯಲ್ಲಿ ಬಂದ ನಿಯಮಗಳ ಪಟ್ಟಿಯನ್ನು ನಾವು ಮೊದಲ ಪುಟದವರೆಗೆ ಓದಿ, ಉಳಿದುದನ್ನು ವ್ಯಾಕರಣದ ಅಪವಾದಸೂತ್ರಗಳಂತೆ ಬೇಕಾದಾಗ ನೋಡಿಕೊಳ್ಳಬಹುದೆಂದು ಮಡಿಸಿಟ್ಟೆವು. ನಲವತ್ತು ವರ್ಷಗಳ ಹತ್ತಿರ ಹತ್ತಿರ ಪಾಠ ಹೇಳಿದವರು ಮಾಡಬಾರದ ಕೆಲಸವಿದು.

ಮೊದಲ ಪುಟದಲ್ಲಿದ್ದುದು ಇಷ್ಟೆ: ಒಬ್ಬೊಬ್ಬರಿಗೆ ವಿಮಾನದ ಹೊಟ್ಟೆಯೊಳಗೆ ಇಡುವ ಸಾಮಾನು 15 ಕಿಲೋ; ಕೈಯಲ್ಲಿ ಒಯ್ಯುವ ಚೀಲ ಒಂದೇ ಒಂದು, ಅದು 7 ಕಿಲೋ ಮೀರಬಾರದು. ಇಬ್ಬರಿಗೂ ಸೇರಿ 44 ಕಿಲೋ. ಇದು ಧಾರಾಳವಾಗಿಯೇ ತೋರಿತು. ಆದರೆ ನಮ್ಮ ಮನೆಯಾಕೆ ಸಾಮಾನು ಕಟ್ಟಲಾರಂಭಿಸಿದ ಮೂರನೆಯ ದಿನ ಆ ಧಾರಾಳವು ಎಲ್ಲಿಗೋ ಮಾಯವಾಯಿತು. ಬಾಣಂತಿಗೆ ಅಂಟಿನುಂಡೆ, ಮೊಮ್ಮಗನಿಗೆ ಶೇಂಗಾ ಹೋಳಿಗೆ, ಅಳಿಯಂದಿರಿಗೆ ಗುರೆಳ್ಳು ಚಟ್ನಿಪುಡಿ, ಕಟಕಲು ರೊಟ್ಟಿ, ಹೊಸ ಬೆಲ್ಲ, ಕಮಲಾಪುರದ ತೋಟದ ಸುಗಂಧಿ ಬಾಳೆಹಣ್ಣು. ಇವುಗಳ ಮೇಲೆ ಎರಡು ವಸ್ತುಗಳು ವಿಶೇಷವಾದವು. ಒಂದು, ಕೂಸಿಗೆಂದು ಆಕೆಯೇ ಮೂರು ತಿಂಗಳು ಕುಳಿತು ಹೊಲಿದ ಕೌದಿ. ಆಕೆಯ ತಾಯಿಯ ಎರಡು ಇಳಕಲ್ಲ ಸೀರೆಗಳೂ ನಮ್ಮ ತಾಯಿಯ ಒಂದು ಹಳೆಯ ಸೀರೆಯೂ ಅದರಲ್ಲಿ ಸೇರಿದ್ದುವು. ಇನ್ನೊಂದು, ಕಂಪ್ಲಿಯಲ್ಲಿದ್ದ ಆಕೆಯ ಅಕ್ಕ ತಮ್ಮ ಕೈಯಾರೆ ಹಾಕಿ, ಭರಣಿಯ ಬಾಯಿಗೆ ಬಿಳಿಯ ಬಟ್ಟೆ ಕಟ್ಟಿ ಕಳುಹಿಸಿದ ಮಾವಿನಕಾಯಿಯ ಉಪ್ಪಿನಕಾಯಿ. ಆಕೆಗೆ ಆಗಲೇ ಎಂಬತ್ತು ತುಂಬಿತ್ತು. ಕಣ್ಣು ಮಂಜಾಗಿದ್ದರೂ ಹೋಳಿನ ಅಳತೆಯನ್ನು ಬೆರಳೇ ಬಲ್ಲುದೆಂದು ಹೇಳುತ್ತಿದ್ದರು. ನಮ್ಮ ಮಗಳು ಬಾಲ್ಯದ ಬೇಸಗೆಗಳನ್ನೆಲ್ಲ ಕಳೆದುದು ಕಂಪ್ಲಿಯ ಆ ಮನೆಯಲ್ಲಿ, ಆ ದೊಡ್ಡಮ್ಮನ ಉಪ್ಪಿನಕಾಯಿಯ ನೆರಳಿನಲ್ಲಿ.

ಬೀದಿಯ ಕೊನೆಯ ಕಿರಾಣಿ ಅಂಗಡಿಯ ತಕ್ಕಡಿಯ ಮೇಲೆ ಎಲ್ಲವನ್ನೂ ತೂಗಿಸಿದಾಗ 48 ಕಿಲೋ ಆಯಿತು. ಲೆಕ್ಕಕ್ಕೆ ನಾವು ನಿಂತೆವು. ಬೆಲ್ಲದಲ್ಲಿ ಅರ್ಧವನ್ನು ತೆಗೆದೆವು, ಬಾಳೆಹಣ್ಣಿನ ಗೊನೆಯನ್ನು ಎರಡು ಚಿಪ್ಪಿಗೆ ಇಳಿಸಿದೆವು. ದೊಡ್ಡ ಪೆಟ್ಟಿಗೆಗಳು 30 ಕಿಲೋಗೆ ಸರಿಯಾಗಬೇಕೆಂದು ಉಪ್ಪಿನಕಾಯಿಯ ಭರಣಿಯನ್ನು ಅಲ್ಲಿಂದ ತೆಗೆದು ಕೈಚೀಲಕ್ಕೆ ಸೇರಿಸಿದವರು ನಾವೇ. ಆಕೆ, ‘ಎಣ್ಣಿ ಪದಾರ್ಥರೀ, ದೊಡ್ಡ ಪೆಟ್ಟಿಗ್ಯಾಗ ಇರ್ಲಿ’ ಎಂದಳು. ನಾವು, ‘ಒಡೆದೀತು, ಕೈಯಲ್ಲಿದ್ದರೆ ಕ್ಷೇಮ’ ಎಂದು ತರ್ಕವನ್ನು ಹೂಡಿ ಗೆದ್ದೆವು.

ರಾತ್ರಿ ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆವು. ರೈಲಿನಲ್ಲಿಯೂ ಸಾಮಾನಿಗೆ ಮಿತಿಯಿಲ್ಲದಿಲ್ಲ. ಮಲಗುವ ದರ್ಜೆಯಲ್ಲಿ ಒಬ್ಬೊಬ್ಬರಿಗೆ 40 ಕಿಲೋ, ಎರಡನೆಯ ದರ್ಜೆಯಲ್ಲಿ 35 ಕಿಲೋ ಶುಲ್ಕವಿಲ್ಲದೆ ಒಯ್ಯಬಹುದೆಂದು ನಿಯಮವಿದೆ. ಆದರೆ ನಮ್ಮ ಜೀವಮಾನದಲ್ಲಿ ರೈಲಿನ ಬಾಗಿಲಲ್ಲಿ ತಕ್ಕಡಿ ಹಿಡಿದು ನಿಂತವರನ್ನು ಕಂಡಿಲ್ಲ. ಎದುರಿನ ಆಸನದವರು ಮೂರು ಮೂಟೆ ಮೆಣಸಿನಕಾಯಿಯನ್ನು ನಮ್ಮ ಕಾಲ ಕೆಳಗೆ ತಳ್ಳಿ, ‘ಕಾಲು ಇಟ್ಕೊಳ್ರಿ ಸರ್, ಮೆತ್ತಗೈತಿ’ ಎಂದು ಉಪಚರಿಸಿದರು. ಆ ಲೋಕವೇ ಬೇರೆ.

ಬೆಳಗ್ಗೆ ಕೆಂಪೇಗೌಡ ವಿಮಾನನಿಲ್ದಾಣವನ್ನು ಸೇರಿದೆವು. ದೊಡ್ಡ ಪೆಟ್ಟಿಗೆಗಳು ನಿರ್ವಿಘ್ನವಾಗಿ ಪಟ್ಟಿಯ ಮೇಲೆ ಜಾರಿ ಮರೆಯಾದುವು. ಕಟ್ಟೆಯ ಹಿಂದೆ ಕುಳಿತಿದ್ದ ಹುಡುಗಿ ಕೈಚೀಲಗಳನ್ನೂ ತೂಕಕ್ಕಿಡಲು ಹೇಳಿದಳು. ನಮ್ಮದು ಸರಿಯಾಗಿತ್ತು. ಮನೆಯಾಕೆಯ ಚೀಲ 8 ಕಿಲೋ 900 ಗ್ರಾಂ ತೋರಿಸಿತು. ಅದಲ್ಲದೆ ಆಕೆಯ ಹೆಗಲಲ್ಲಿ ಸಂಡೂರಿನ ಲಂಬಾಣಿ ಸ್ತ್ರೀಯರು ಕನ್ನಡಿಯ ಚೂರುಗಳನ್ನಿಟ್ಟು ಕಸೂತಿ ಮಾಡಿದ ಸಣ್ಣ ಚೀಲವೊಂದು ತೂಗುತ್ತಿತ್ತು. ಅದು ಹೆಂಗಸರ ಕೈಚೀಲವಾದುದರಿಂದ ಲೆಕ್ಕಕ್ಕಿಲ್ಲವೆಂದಳು. ಆದರೆ ದೊಡ್ಡ ಕೈಚೀಲದ ಹೆಚ್ಚುವರಿ ತೂಕವನ್ನು ಎರಡು ಕಿಲೋ ಎಂದು ಎಣಿಸಿ, ಕಿಲೋಗೆ 600 ರೂಪಾಯಿಯಂತೆ 1,200 ರೂಪಾಯಿ ಕಟ್ಟಬೇಕೆಂದೂ, ಹಿಂದಿನ ದಿನವೇ ದೂರವಾಣಿಯ ಮೂಲಕ ಕೊಂಡಿದ್ದರೆ ಇದಕ್ಕಿಂತ ಕಡಿಮೆಯಾಗುತ್ತಿತ್ತೆಂದೂ ತಿಳಿಸಿದಳು.

ಹಿಂದೆ ಸಾಲು ಬೆಳೆಯುತ್ತಿತ್ತು. ನಮಗೆ ಹಣಕ್ಕಿಂತ ಮಿಗಿಲಾಗಿ ಲೆಕ್ಕ ತಪ್ಪಿತೆಂಬ ಅವಮಾನ. ಅವಮಾನವಾದವನು ಹತ್ತಿರದಲ್ಲಿದ್ದವರ ಮೇಲೆ ಹಾಯುತ್ತಾನೆ. ‘ಈ ಚಿಂದಿಗಳ ಗಂಟನ್ನು ದೆಹಲಿಯವರೆಗೆ ಹೊರಬೇಕಾಗಿತ್ತೆ? ಅಲ್ಲಿ ಹೊದಿಕೆಯೇ ಸಿಕ್ಕುವುದಿಲ್ಲವೆ?’ ಎಂದು ಹತ್ತು ಜನರ ಮುಂದೆ ಗದರಿದೆವು. ಆಕೆ ಏನೂ ಹೇಳಲಿಲ್ಲ. ಚೀಲದ ಬಾಯಿ ಬಿಚ್ಚಿ, ಕೌದಿಯನ್ನು ಹೊರಗೆ ತೆಗೆದು, ಅದನ್ನು ಎಲ್ಲಿ ಇಡಬೇಕೆಂದು ತೋರದೆ ಎದೆಗವಚಿಕೊಂಡು ನಿಂತಳು.

ಆ ಹುಡುಗಿ ನಮ್ಮ ಮಾತಿನ ಧಾಟಿಯನ್ನು ಕೇಳಿ, ‘ನಮ್ಮ ಕಡೇರೇನ್ರಿ?’ ಎಂದಳು. ಕೊಪ್ಪಳದ ಹತ್ತಿರದವಳಂತೆ. ಅನಂತರ ದನಿ ತಗ್ಗಿಸಿ, ‘ಅಮ್ಮಾ, ಕೌದಿ ಹಂಗ ಹೆಗಲ ಮ್ಯಾಲ ಹಾಕ್ಕೊಳ್ರಿ. ಹೊದಿಕೆಗೆ ತೂಕ ಇಲ್ಲ. ಈಗ ಚೀಲ ಇಡ್ರಿ’ ಎಂದಳು. ಚೀಲವನ್ನಿಟ್ಟರೆ ಸರಿಯಾಗಿ 7 ಕಿಲೋ. ಪ್ರಯಾಣಿಕನು ಕೈಚೀಲದ ಜೊತೆಗೆ ಹೆಂಗಸರ ಕೈಚೀಲ, ಮೇಲಂಗಿ ಅಥವಾ ಹೊದಿಕೆ, ಮಡಿಸುವ ಕೊಡೆ, ಊರುಗೋಲು, ಕೂಸಿನ ಆಹಾರ, ದಾರಿಯಲ್ಲಿ ಓದಲು ಬೇಕಾದಷ್ಟು ಪುಸ್ತಕ, ಇವುಗಳನ್ನು ಬೇರೆಯಾಗಿ ಒಯ್ಯಬಹುದೆಂಬ ಹಳೆಯ ವಿನಾಯಿತಿಯೊಂದುಂಟು. ಅದು ನಾವು ಮಡಿಸಿಟ್ಟ ಪಟ್ಟಿಯ ಎರಡನೆಯ ಪುಟದಲ್ಲಿಯೇ ಇತ್ತು.

ಕೌದಿ ಹೀಗೆ ಉಳಿಯಿತು, ಉಪ್ಪಿನಕಾಯಿ ಉಳಿಯಲಿಲ್ಲ. ತಪಾಸಣೆಯ ಕಟ್ಟೆಯಲ್ಲಿ ಚೀಲವನ್ನು ಬಿಚ್ಚಿಸಿದ ಅಧಿಕಾರಿಗಳು ಭರಣಿಯನ್ನು ನೋಡಿ, ಎಣ್ಣೆಯೂ ಖಾರವೂ ಉಳ್ಳ ಈ ಪದಾರ್ಥವನ್ನು ವಿಮಾನದ ಆಸನಗಳ ಬಳಿಗೆ ಒಯ್ಯುವಂತಿಲ್ಲ, ದೊಡ್ಡ ಪೆಟ್ಟಿಗೆಯಲ್ಲಿಟ್ಟಿದ್ದರೆ ಬಾಧೆಯಿರಲಿಲ್ಲ ಎಂದರು. ಪೆಟ್ಟಿಗೆಗಳು ಹೋಗಿ ಅರ್ಧ ಗಂಟೆಯಾಗಿತ್ತು. ಬಿಳಿಯ ಬಟ್ಟೆ ಕಟ್ಟಿದ ಆ ಭರಣಿಯನ್ನು ಬಾಚಣಿಗೆ, ಕತ್ತರಿ, ನೀರಿನ ಬಾಟಲಿಗಳು ಬಿದ್ದಿದ್ದ ಡಬ್ಬದಲ್ಲಿ ನಾವೇ ಇಳಿಸಿದೆವು. ಮನೆಯಾಕೆ, ‘ಹೋಗ್ಲಿ ಬಿಡ್ರಿ, ನಮಗ ಗೊತ್ತಿರ್ಲಿಲ್ಲ’ ಎಂದಳು. ಗೊತ್ತಿಲ್ಲದಿದ್ದವರು ನಾವು, ಆಕೆಗೆ ಗೊತ್ತಿತ್ತು. ಅಂಟಿನುಂಡೆಯ ಡಬ್ಬಿಯನ್ನು ಮಾತ್ರ ಯಾರೂ ಕೇಳಲಿಲ್ಲ. ಒಣಕೊಬ್ಬರಿಯು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ವಸ್ತುವೆಂದು ಅದನ್ನು ವಿಮಾನದಲ್ಲಿ ನಿಷೇಧಿಸಿದ್ದಾರೆ. ಆದರೆ ಉಂಡೆಯೊಳಗೆ ತುರಿಯಾಗಿ ಸೇರಿದ ಕೊಬ್ಬರಿಯನ್ನು ಕಂಡುಹಿಡಿಯುವ ಯಂತ್ರವು ಇನ್ನೂ ಬಂದಿಲ್ಲವೆಂದು ಕಾಣುತ್ತದೆ. ಶಬರಿಮಲೆಯ ಯಾತ್ರಿಕರ ಇರುಮುಡಿಯಲ್ಲಿನ ತೆಂಗಿನಕಾಯಿಗೆ 2022ರಲ್ಲಿಯೂ 2024ರಲ್ಲಿಯೂ ಯಾತ್ರೆಯ ಋತುವಿನ ಮಟ್ಟಿಗೆ ವಿನಾಯಿತಿ ಕೊಟ್ಟರು.

ವಿಮಾನವು ಮೇಲೇರಿದ ಮೇಲೆ ನಮ್ಮೂರ ನೆಲದ ಎರಡು ಸಂಗತಿಗಳು ನೆನಪಿಗೆ ಬಂದುವು.

ಕೃಷ್ಣದೇವರಾಯನು ಕಟ್ಟಿಸಿದ ನಾಗಲಾಪುರವೇ ಇಂದಿನ ಹೊಸಪೇಟೆಯೆಂದು ಇತಿಹಾಸಜ್ಞರು ಹೇಳುತ್ತಾರೆ. ಹದಿನಾರನೆಯ ಶತಮಾನದಲ್ಲಿ ವಿಜಯನಗರದಲ್ಲಿದ್ದ ನೂನಿಜ್ ಎಂಬ ಪೋರ್ಚುಗೀಸ್ ವರ್ತಕನು ಈ ಪಟ್ಟಣಗಳ ಬಾಗಿಲುಗಳ ಸುಂಕವನ್ನು ವರ್ಣಿಸಿದ್ದಾನೆ. 1900ರಲ್ಲಿ ಸಿವೆಲ್ ಸಾಹೇಬರು ಅದನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಬಾಗಿಲನ್ನು ಗುತ್ತಿಗೆಗೆ ಕೊಡುತ್ತಿದ್ದರು. ಗುತ್ತಿಗೆದಾರನು ಕೇಳಿದಷ್ಟನ್ನು ಕೊಡದೆ ಊರವನಾಗಲಿ ಪರಸ್ಥಳದವನಾಗಲಿ ಒಳಗೆ ಬರುವಂತಿರಲಿಲ್ಲ. ತಲೆಯ ಮೇಲಿನ ಹೊರೆಗೂ ಸುಂಕವಿತ್ತು. ದಿನವೊಂದಕ್ಕೆ 2,000 ಹೇರೆತ್ತುಗಳು ಒಳಗೆ ಬರುತ್ತಿದ್ದು, ಪ್ರತಿಯೊಂದಕ್ಕೂ ತೆರಬೇಕಾಗಿತ್ತು. ಆದರೆ ಕೊಂಬಿಲ್ಲದ ಎತ್ತುಗಳಿಗೆ ಮಾತ್ರ ರಾಜ್ಯದಲ್ಲೆಲ್ಲಿಯೂ ಸುಂಕವಿರಲಿಲ್ಲವಂತೆ. ಇದನ್ನು ಮೊದಲು ಓದಿದಾಗ ನಗೆ ಬಂದಿತ್ತು. ಹೆಗಲ ಮೇಲಿನ ಕೌದಿಗೆ ತೂಕವಿಲ್ಲವೆಂದಾಗ ಅರ್ಥವಾಯಿತು: ಸುಂಕವಿದ್ದಲ್ಲೆಲ್ಲ ಎಲ್ಲಿಯೋ ಒಂದು ಕೊಂಬಿಲ್ಲದ ಎತ್ತು ಇದ್ದೇ ಇರುತ್ತದೆ, ಆದರೆ ಅದರ ಸುದ್ದಿಯನ್ನು ತಿಳಿದವರು ನಮಗೆ ಹೇಳಬೇಕು.

ಎರಡನೆಯದು ಇನ್ನೂ ಹಿಂದಿನದು. ಹಂಪಿಯ ಸುತ್ತಿನ ಬೆಟ್ಟಗಳು ಕಿಷ್ಕಿಂಧೆಯೆಂಬುದು ಪ್ರತೀತಿ. ರಾವಣನು ಆಕಾಶಮಾರ್ಗದಲ್ಲಿ ಒಯ್ಯುತ್ತಿದ್ದಾಗ ಸೀತೆಯು ಬೆಟ್ಟದ ಮೇಲಿದ್ದ ಐವರು ವಾನರರನ್ನು ಕಂಡು ತನ್ನ ಉತ್ತರೀಯದಲ್ಲಿ ಆಭರಣಗಳನ್ನು ಗಂಟುಕಟ್ಟಿ ಕೆಳಗೆ ಹಾಕಿದಳೆಂದು ರಾಮಾಯಣದಲ್ಲಿದೆ. ಆ ಗಂಟನ್ನಿಟ್ಟಿದ್ದ ಸುಗ್ರೀವನ ಗುಹೆಯನ್ನೂ, ಅದರ ಹತ್ತಿರದ ಬಂಡೆಯ ಮೇಲೆ ಸೀತೆಯ ಸೆರಗಿನ ಗುರುತೆಂದು ಹೇಳುವ ಬಿಳಿಯ ಗೆರೆಗಳನ್ನೂ ವಿಠ್ಠಲ ದೇವಾಲಯದ ದಾರಿಯಲ್ಲಿ ಇಂದಿಗೂ ತೋರಿಸುತ್ತಾರೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಎಷ್ಟೋ ಸಲ ಈ ಕಥೆಯನ್ನು ಹೇಳಿದ್ದೇವೆ. ಆ ಗಂಟಿನ ತೂಕವೆಷ್ಟೆಂದು ಯಾರೂ ಕೇಳಲಿಲ್ಲ. ಅದು ಯಾರದೆಂದು ಮಾತ್ರ ಕೇಳಿದರು. ದೂರ ಹೋದವಳ ಸುದ್ದಿಯನ್ನು ಗಂಟು ಹೇಳಿತು. ಬುತ್ತಿಯ ಗಂಟಿನ ಕೆಲಸವೂ ಅದೇ ಅಲ್ಲವೆ? ದೆಹಲಿಯಲ್ಲಿ ಬೆಲ್ಲ ಸಿಕ್ಕುವುದಿಲ್ಲವೆಂದಲ್ಲ. ಇಲ್ಲಿ ನಿನ್ನನ್ನು ನೆನೆಯುವವರಿದ್ದಾರೆಂದು ಹೇಳಲು ತಾನೆ ಅದನ್ನು ಹೊರುವುದು?

ಆದರೆ ನ್ಯಾಯದ ಇನ್ನೊಂದು ಮಗ್ಗುಲನ್ನೂ ಹೇಳಬೇಕು. 180 ಆಸನಗಳ ವಿಮಾನದಲ್ಲಿ ಪ್ರತಿಯೊಬ್ಬನೂ ನಮ್ಮಂತೆಯೇ ಎರಡು ಕಿಲೋ ಹೆಚ್ಚಾಗಿ ತಂದರೆ 360 ಕಿಲೋ ಆಯಿತು. ಎಂದರೆ ಟಿಕೀಟಿಲ್ಲದೆ ಐದು ಆರು ಜನರು ಏರಿದಂತೆ. ಭಾರವು ಹೆಚ್ಚಿದಷ್ಟೂ ಇಂಧನವು ಹೆಚ್ಚು ಬೇಕು. ನಮ್ಮ ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಬಳಿಯಲ್ಲಿರುವ ವಿದ್ಯಾನಗರ ವಿಮಾನನಿಲ್ದಾಣದಿಂದ 2017ರಲ್ಲಿ ಉಡಾನ್ ಯೋಜನೆಯಂತೆ ಹಾರಾಟವು ಮೊದಲಾದಾಗ, ಆ ಯೋಜನೆಯಲ್ಲಿ ಸುಮಾರು ಒಂದು ಗಂಟೆಯ ಪ್ರಯಾಣದ ಕೆಲವು ಆಸನಗಳಿಗೆ 2,500 ರೂಪಾಯಿಯ ಮಿತಿಯನ್ನು ಹಾಕಿದ್ದರು. ಅಷ್ಟು ಕಡಿಮೆ ದರದಲ್ಲಿ ಜನರನ್ನು ಹೊತ್ತ ಆ ಮೊದಲಿನ ಸಂಸ್ಥೆ 2022ರಲ್ಲಿ ನಿಂತುಹೋಯಿತು. ಅಗ್ಗವಾಗಿ ಹಾರಿಸುವುದು ಸುಲಭದ ಕೆಲಸವಲ್ಲ.

ಈ ಅಗ್ಗದ ವಿಮಾನಗಳನ್ನು ನಮ್ಮ ದೇಶಕ್ಕೆ ತಂದವರೂ ಕನ್ನಡಿಗರೇ. ಗೊರೂರಿನ ಕ್ಯಾಪ್ಟನ್ ಗೋಪಿನಾಥರು 2003ರಲ್ಲಿ ಏರ್ ಡೆಕ್ಕನ್ ಸಂಸ್ಥೆಯನ್ನು ಹಾರಿಸಿ, ಒಂದು ರೂಪಾಯಿಯ ಟಿಕೀಟಿನಿಂದ ದೇಶವನ್ನೇ ಬೆರಗುಗೊಳಿಸಿದರು. ಊಟ ಉಪಚಾರಗಳನ್ನು ಟಿಕೀಟಿನಿಂದ ಬೇರ್ಪಡಿಸಿ, ಬೇಕಾದವನು ಕೊಂಡುಕೊಳ್ಳಲಿ ಎಂಬುದು ಅದರ ತತ್ತ್ವ. ಬರಿಗೈಯಲ್ಲಿ ಹೋಗುವ ತರುಣನು ನಮ್ಮ ಬೆಲ್ಲದ ಭಾರಕ್ಕೆ ಏಕೆ ತೆರಬೇಕು? ಈ ಮಾತಿಗೆ ಉತ್ತರವಿಲ್ಲ. ಅದೇ ತತ್ತ್ವವು ಮುಂದೆ ಸಾಮಾನಿಗೂ ಬಂದಿತು. ಯೂರೋಪಿನಲ್ಲಿ 2006ರಿಂದಲೂ, ಅಮೆರಿಕದಲ್ಲಿ 2008ರಿಂದಲೂ ಪೆಟ್ಟಿಗೆಗೆ ಪ್ರತ್ಯೇಕ ಶುಲ್ಕವು ರೂಢಿಯಾಯಿತು. ನಮ್ಮಲ್ಲಿ 2021ರಲ್ಲಿ, ಕೈಚೀಲ ಮಾತ್ರ ಒಯ್ಯುವವರಿಗೆ ಕಡಿಮೆ ದರದಲ್ಲಿ ಟಿಕೀಟು ಕೊಡಲು ಸರ್ಕಾರವು ಒಪ್ಪಿತು. ಇದಕ್ಕೆ ಮೊದಲು 2016ರಲ್ಲಿ, 15 ಕಿಲೋ ಮೀರಿ 20 ಕಿಲೋವರೆಗಿನ ಭಾರಕ್ಕೆ ಕಿಲೋಗೆ 100 ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳಬಾರದೆಂದು ಸರ್ಕಾರವು ವಿಧಿಸಿದ್ದ ಮಿತಿಯನ್ನು ದೆಹಲಿಯ ಉಚ್ಚ ನ್ಯಾಯಾಲಯವು 2017ರಲ್ಲಿ ತೆಗೆದುಹಾಕಿತ್ತು.

ಹಾಗಾದರೆ ಕೈಚೀಲಕ್ಕೂ ಸುಂಕವೆ? ಐರೋಪ್ಯ ಒಕ್ಕೂಟದ ನ್ಯಾಯಾಲಯವು 2014ರಲ್ಲಿ ಈ ಪ್ರಶ್ನೆಯನ್ನು ವಿಚಾರಿಸಿ, ವಿಮಾನದ ಹೊಟ್ಟೆಯಲ್ಲಿಡುವ ಪೆಟ್ಟಿಗೆಗೆ ಶುಲ್ಕವನ್ನು ವಿಧಿಸಬಹುದು, ಆದರೆ ತಕ್ಕಷ್ಟು ಗಾತ್ರದ ಕೈಚೀಲವು ಪ್ರಯಾಣಿಕನ ಅವಶ್ಯಕ ಅಂಗವಾದುದರಿಂದ ಅದಕ್ಕೆ ವಿಧಿಸಬಾರದು ಎಂದು ಹೇಳಿತು. 2024ರಲ್ಲಿ ಸ್ಪೇನ್ ಸರ್ಕಾರವು ಕೈಚೀಲದ ಶುಲ್ಕವೇ ಮೊದಲಾದ ಕಾರಣಗಳಿಗಾಗಿ ಐದು ವಿಮಾನಸಂಸ್ಥೆಗಳಿಗೆ 17 ಕೋಟಿ 90 ಲಕ್ಷ ಯೂರೋ ದಂಡವನ್ನು ಹಾಕಿತು. ಪಾಥೇಯವು ಪಥಿಕನಿಂದ ಬೇರೆಯಲ್ಲವೆಂಬ ನಮ್ಮ ಹಿರಿಯರ ಮತಕ್ಕೆ ಅಷ್ಟು ದೂರದಿಂದ ಸಮರ್ಥನೆ ದೊರೆಯಿತೆಂದು ನಾವು ಸಂತೋಷಪಟ್ಟೆವು.

ಇಷ್ಟಾದರೂ ಒಂದು ಆಕ್ಷೇಪಣೆ ಉಳಿಯುತ್ತದೆ. ಹಂಪಿಯಲ್ಲಿ ರಾಜರ ತುಲಾಭಾರದ ಕಲ್ಲಿನ ಕಮಾನು ಇದೆ. ಅಲ್ಲಿ ತೂಗಿದ್ದು ಎಲ್ಲರ ಕಣ್ಣೆದುರಿಗೆ. ಆದರೆ ಇಂದಿನ ದರವು ಮುಂಚಿತವಾಗಿ ಕೊಂಡವನಿಗೆ ಒಂದು, ಕಟ್ಟೆಯ ಮುಂದೆ ಅಂಗಲಾಚುವವನಿಗೆ ಇನ್ನೊಂದು. ಬಲ್ಲವನಿಗೆ ಕಡಿಮೆ, ಅರಿಯದವನಿಗೆ ಹೆಚ್ಚು. ಭಾರಕ್ಕೆ ಬೆಲೆ ಕಟ್ಟುವುದು ನ್ಯಾಯ. ಅಜ್ಞಾನಕ್ಕೆ ಬೆಲೆ ಕಟ್ಟುವುದು ನ್ಯಾಯವೆಂದು ನಮಗೆ ತೋರುವುದಿಲ್ಲ.

ದೆಹಲಿಯನ್ನು ಸೇರಿದ ದಿನ ಮಗಳು ಪೆಟ್ಟಿಗೆ ಬಿಚ್ಚುತ್ತ, ‘ದೊಡ್ಡಮ್ಮನ ಉಪ್ಪಿನಕಾಯಿ ಎಲ್ಲಿ?’ ಎಂದು ಮೊದಲು ಕೇಳಿದಳು. ನಾವು ನಡೆದುದನ್ನು ಹೇಳಿದೆವು. ಅವಳು ನಕ್ಕು ಸುಮ್ಮನಾದಳು. ಆದರೆ ಆ ಸಂಜೆ ಕಂಪ್ಲಿಯಿಂದ ದೂರವಾಣಿ ಬಂದಿತು. ಉಪ್ಪಿನಕಾಯಿ ಹೇಗಿತ್ತೆಂದು ಅಕ್ಕ ವಿಚಾರಿಸಿದರು. ಮನೆಯಾಕೆ ನಮ್ಮ ಮುಖವನ್ನೊಮ್ಮೆ ನೋಡಿ, ‘ಭರಣಿ ಖಾಲಿ ಆತಕ್ಕಾ’ ಎಂದಳು. ಅಷ್ಟು ಬೇಗನೆ ತಿಂದರೆಂದು ಆಕೆಗೆ ಪರಮಸಂತೋಷ. ಮುಂದಿನ ವರ್ಷ ಎರಡು ಭರಣಿ ಹಾಕುವುದಾಗಿ ಹೇಳಿದರು. ಕುರುಕ್ಷೇತ್ರದಲ್ಲಿ ಧರ್ಮರಾಯನು ನುಡಿದ ಅರ್ಧಸತ್ಯವನ್ನು ಎಷ್ಟೋ ವರ್ಷ ತರಗತಿಯಲ್ಲಿ ನಿಂತು ವಿಮರ್ಶೆ ಮಾಡಿದ ನಾವು, ಅಂದು ಪಕ್ಕದಲ್ಲಿ ತಲೆ ತಗ್ಗಿಸಿ ಕುಳಿತಿದ್ದೆವು. ಆ ಮಾತನ್ನು ಆಕೆ ಆಡಿದ್ದು ನಮ್ಮ ಮಾನವನ್ನುಳಿಸಲು. ನಿಜವನ್ನು ಹೇಳಿದ್ದರೆ ಭರಣಿಯನ್ನು ಕೈಚೀಲಕ್ಕೆ ಹಾಕಿದವರಾರೆಂಬ ಪ್ರಶ್ನೆ ಬರುತ್ತಿತ್ತು. ಊರಿಗೆ ಹಿಂದಿರುಗಿದ ಮೇಲೆ ಕಂಪ್ಲಿಗೆ ಹೋಗಿ ನಾವೇ ಹೇಳಬೇಕೆಂದುಕೊಂಡೆವು. ಶ್ರಾವಣದಲ್ಲಿ ಅಕ್ಕ ತೀರಿಕೊಂಡರು. ಅದೇ ಅವರ ಕೈಯ ಕೊನೆಯ ಉಪ್ಪಿನಕಾಯಿಯಾಯಿತು.

ಕೌದಿಯ ಮೇಲೆ ಕೂಸು ಈಗ ಅಂಬೆಗಾಲಿಡುವುದನ್ನು ಕಲಿತು, ಎದ್ದು ನಿಂತು, ನಡೆಯುತ್ತಿದೆ. ಚಿಂದಿಗಳ ಗಂಟೆಂದು ನಾವು ಗದರಿದುದರ ಮೇಲೆಯೇ ಅದಕ್ಕೆ ನಿದ್ದೆ ಬರುವುದಂತೆ.

ವಿಮಾನದಲ್ಲಿ ಮಕ್ಕಳ ಬಳಿಗೆ ಹೊರಡುವ ನಮ್ಮ ವಯಸ್ಸಿನವರಿಗೆ ಎರಡು ಮಾತು ಹೇಳಿ ಮುಗಿಸುತ್ತೇವೆ. ನಿಯಮಗಳ ಪಟ್ಟಿಯನ್ನು ಕೊನೆಯ ಪುಟದವರೆಗೂ ಓದಿರಿ. ಪ್ರತಿ ಸಂಸ್ಥೆಗೂ ನಿಯಮ ಬೇರೆ, ಒಂದೇ ಸಂಸ್ಥೆಯ ಟಿಕೀಟುಗಳಲ್ಲಿಯೂ ಬೇರೆ. ಭಾರವು ಹೆಚ್ಚಾಗುವುದೆಂದು ತೋರಿದರೆ ಮನೆಯಲ್ಲಿರುವಾಗಲೇ ಮಕ್ಕಳಿಗೆ ಹೇಳಿ ಹೆಚ್ಚಿನ ತೂಕವನ್ನು ಕೊಳ್ಳಿಸಿರಿ. ಎಣ್ಣೆ, ತುಪ್ಪ, ಉಪ್ಪಿನಕಾಯಿಗಳನ್ನು ಕೈಚೀಲದಲ್ಲಿಡದೆ, ಬಿಗಿಯಾಗಿ ಮುಚ್ಚಿ ಬಟ್ಟೆಗಳ ನಡುವೆ ದೊಡ್ಡ ಪೆಟ್ಟಿಗೆಯಲ್ಲಿಡಿರಿ. ಅವುಗಳಿಗೂ ಮಿತಿಯುಂಟು, ವಿಚಾರಿಸಿಕೊಳ್ಳಿರಿ. ಕೊಬ್ಬರಿಯನ್ನು ಮನೆಯಲ್ಲಿಯೇ ಬಿಡಿರಿ. ಹೊದಿಕೆಯನ್ನು ಹೆಗಲ ಮೇಲೆ ಹಾಕಿಕೊಳ್ಳಿರಿ. ಎಲ್ಲಕ್ಕಿಂತ ಮೇಲಾಗಿ, ಕಟ್ಟಿದ ಕೈಯ ಮಾತನ್ನು ಕೇಳಿರಿ.

ಈ ವರ್ಷ ಮತ್ತೆ ದೆಹಲಿಗೆ ಹೊರಟಿದ್ದೇವೆ. ಮನೆಯಾಕೆ ಅಕ್ಕನ ಅಳತೆಯನ್ನೇ ನೆನೆದು ನೆನೆದು ಉಪ್ಪಿನಕಾಯಿ ಹಾಕಿದ್ದಾಳೆ. ಮೊದಲ ಸಲವಾದುದರಿಂದ ಉಪ್ಪು ಸ್ವಲ್ಪ ಮುಂದಾಗಿದೆ. ಕಿರಾಣಿ ಅಂಗಡಿಯ ತಕ್ಕಡಿಗೆ ಹೋಗುವ ಮೊದಲೇ ನಾವು ಕಾಗದದ ಮೇಲೆ ಲೆಕ್ಕ ಹಾಕಿದೆವು: ದೊಡ್ಡ ಪೆಟ್ಟಿಗೆಯಲ್ಲಿ ಭರಣಿಗೆಂದು ಎರಡು ಕಿಲೋ, ಉಳಿದುದೆಲ್ಲ ಆಮೇಲೆ.